ಸೆರಗು ಬಂತು, ಕೊಂಡಿ ಬರಲಿಲ್ಲ

ಇಳಕಲ್ ಸೀರೆಯ ತೋಪ ತೆನಿ ಸೆರಗು ಈಗ ದಿಂಬಿನ ಚೀಲದ ಮೇಲೂ ಇದೆ, ಕ್ಯಾನ್ವಾಸಿನ ಮೇಲೂ ಇದೆ. ಕೆಂಪಿನ ನಡುವೆ ಬಿಳಿ ಗೋಪುರ, ಹಣಿಗೆಯ ಹಲ್ಲು: ಎಲ್ಲಿಟ್ಟರೂ ಚೆಂದ. ಆದರೆ ಅಚ್ಚು ಹಾಕಿದ ಈ ಸೆರಗನ್ನು ವಿನ್ಯಾಸವೆಂದು ಒಪ್ಪುವುದು ಕಷ್ಟ.

ಆ ಸೀರೆಯ ನಿಜವಾದ ವಿನ್ಯಾಸ ಇರುವುದು ಕೊಂಡಿಯಲ್ಲಿ. ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡೂ ಸೇರುವಲ್ಲಿ ಒಂದೊಂದು ಎಳೆಯನ್ನೂ ಕುಣಿಕೆಯಾಗಿ ಇನ್ನೊಂದಕ್ಕೆ ಸಿಕ್ಕಿಸಬೇಕು; ಇದೇ ಕೊಂಡಿ. ಹೀಗಾಗಿ ಹಾಸು ಹೂಡುವುದು ಒಂದೊಂದೇ ಸೀರೆಗೆ. ದಿನವಿಡೀ ಮೈಮೇಲಿರುವ ಒಡಲಿಗೆ ಹತ್ತಿ, ನಾಲ್ಕು ಜನ ನೋಡುವ ಸೆರಗಿಗೆ ದುಬಾರಿ ರೇಷ್ಮೆ. ದುಡ್ಡು, ಬಿಸಿಲು, ಅಂದ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿದ ಬುದ್ಧಿ ಇದು. ಚಿತ್ತಾರವನ್ನಷ್ಟೇ ಎತ್ತಿಕೊಂಡವರಿಗೆ ಈ ಬುದ್ಧಿ ದಕ್ಕುವುದಿಲ್ಲ.

ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಹಿಡಿದ ದಾರಿ ಬೇರೆ. 1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಿ ಅವರು ಯಾವ ಕಸೂತಿಯನ್ನೂ ನಕಲು ಮಾಡಲಿಲ್ಲ. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಕುಂಕುಮ ಮತ್ತು ಅಂಟು ಬಳಿದು ಹುರಿಯಾಗಿಸಿದರು. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಉಳಿದವು. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಕೈಯ ದುಡಿಮೆ, ಆಮೇಲೆ ಆಕಾರ. ಕಸುಬಿನಿಂದ ಸಮಕಾಲೀನ ಕಲೆ ಪಡೆಯಬೇಕಾದದ್ದು ಇಂಥದ್ದನ್ನು.

ಇದೇ ಅಳತೆಗೋಲು ಹಿಡಿದು ನೇಕಾರರ ಊರಾದ ರಬಕವಿ-ಬನಹಟ್ಟಿಗೆ ಬಂದರೆ ಪ್ರಶ್ನೆ ಬಿಗಿಯಾಗುತ್ತದೆ. ಇಲ್ಲಿ ಕೈಮಗ್ಗವೂ ಇದೆ, ಓಣಿ ಓಣಿಯಲ್ಲಿ ಪಾವರ್‌ಲೂಮಿನ ಸದ್ದೂ ಇದೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಬೇಕಾಗಿಯೇ ಇತ್ತು; ಅಗ್ಗದ ನಕಲಿನೆದುರು ಕೈನೇಕಾರ ನಿಲ್ಲುವುದು ಹೇಗೆ? ಆದರೆ ಕಲಾಲೋಕ ಕಾಯ್ದೆ ಎಳೆದ ಆ ಗೆರೆಯನ್ನೇ ಸೌಂದರ್ಯದ ಗೆರೆಯಾಗಿಸಿಕೊಂಡಿತು. ಕೈಮಗ್ಗದವನು ಕಲಾವಿದ, ಪಾವರ್‌ಲೂಮಿನವನು ಬರೀ ಕೂಲಿಯವನು ಎಂಬ ಎಣಿಕೆ ಬೆಳೆಯಿತು. ಜಕಾರ್ಡಿನ ಕಾರ್ಡಿಗೆ ತೂತು ಕೊರೆದು ಅಂಚಿನ ಹೂವು ಮೂಡಿಸುವವನ ಕಣ್ಣು, ಎಳೆ ಹರಿದ ಕೂಡಲೇ ಮಗ್ಗ ನಿಲ್ಲಿಸಿ ಗಂಟು ಹಾಕುವವನ ಬೆರಳು ಯಾವ ಪ್ರದರ್ಶನದಲ್ಲಿ ಕಾಣುತ್ತವೆ? ಸೀರೆಗಿಷ್ಟು ಎಂದು ಕೂಲಿ ಪಡೆಯುವವರಿಗೆ ಹೊಸ ಚಿತ್ತಾರ ಪ್ರಯೋಗಿಸಲು ಬಿಡುವಾದರೂ ಎಲ್ಲಿ? ಪ್ರಯೋಗಕ್ಕೆ ಹೋದ ದಿನಕ್ಕೆ ಕೂಲಿ ಇಲ್ಲ.

ಆದ್ದರಿಂದ ಡಿಸೈನರುಗಳು ಈ ಸೀಮೆಗೆ ಬರುವಾಗ ಚಿತ್ರದ ಹಾಳೆಯ ಜೊತೆ ಆ ಪ್ರಯೋಗದ ದಿನಗಳ ಕೂಲಿಯನ್ನೂ ತರಲಿ. ಗ್ಯಾಲರಿಗಳು ಸೆರಗಿಗೆ ಚೌಕಟ್ಟು ಹಾಕುವಾಗ ಕೊಂಡಿಯ ಸಾಲನ್ನು ಮಡಚಿ ಮುಚ್ಚದಿರಲಿ. ನೇಯ್ದವರು ಒಪ್ಪಿದರೆ ಅವರ ಹೆಸರನ್ನೂ, ಆ ಸೀರೆಗೆ ಸಿಕ್ಕ ಕೂಲಿಯನ್ನೂ ಪಕ್ಕದಲ್ಲೇ ಬರೆಯಲಿ.