ಮೊದಲಿಗರಾಗಿ, ಏಕೈಕರಾಗಿ: ಕೆ. ಎಸ್. ನಾಗರತ್ನಮ್ಮನವರ ರಾಜಕೀಯ ಬದುಕು

ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷೆ ಎಂಬ ವಿಶೇಷಣವು ಕೆ. ಎಸ್. ನಾಗರತ್ನಮ್ಮನವರ ಹೆಸರಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆಯೆಂದರೆ, ಅವರ ಮೂರೂವರೆ ದಶಕಗಳ ಸಾರ್ವಜನಿಕ ಬದುಕನ್ನು ತೂಗಿನೋಡುವ ಗೋಜಿಗೇ ಹೋಗದೆ ಆ ಒಂದು ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುವುದು ರೂಢಿಯಾಗಿದೆ. ಅವರ ಕ್ಷೇತ್ರವಾದ ಗುಂಡ್ಲುಪೇಟೆಯು ನಂಜನಗೂಡಿನ ನೆರೆಯ ತಾಲ್ಲೂಕು. 1997ರಲ್ಲಿ ಚಾಮರಾಜನಗರ ಜಿಲ್ಲೆ ರೂಪುಗೊಳ್ಳುವವರೆಗೆ ಅದೂ ತಲಕಾಡಿನಂತೆ ಮೈಸೂರು ಜಿಲ್ಲೆಗೇ ಸೇರಿತ್ತು. ಈ ಸೀಮೆಯ ಜನರ ನೆನಪಿನಲ್ಲಿ ಅರಸೊತ್ತಿಗೆಯ ಎದುರು ನಿಂತ ಹೆಣ್ಣೆಂದರೆ ಶ್ರೀರಂಗಪಟ್ಟಣದ ವಿಜಯನಗರ ಪ್ರತಿನಿಧಿಯ ಪತ್ನಿ ಅಲಮೇಲಮ್ಮ: 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ಒಡವೆಗಾಗಿ ಬೆನ್ನಟ್ಟಿದವರ ಕೈಗೆ ಸಿಗದೆ, ತಲಕಾಡು ಮರಳಾಗಲೆಂದು ಶಪಿಸಿ ಮಾಲಂಗಿಯ ಮಡುವಿಗೆ ಹಾರಿದಳೆಂಬುದು ಐತಿಹ್ಯ. ಶಾಪದ ಹೊರತು ಬೇರೆ ಅಸ್ತ್ರವಿಲ್ಲದಿದ್ದ ಆ ಹೆಣ್ಣಿನ ಕಥೆ ಇಂದಿಗೂ ಮನೆಮನೆಯ ಮಾತಾಗಿರುವಲ್ಲಿ, ಮತದ ಬಲದಿಂದ ಏಳು ಬಾರಿ ಶಾಸನಸಭೆ ಹೊಕ್ಕ ಹೆಣ್ಣಿನ ಕಥೆ ಅಷ್ಟಾಗಿ ಕೇಳಿಬರದಿರುವುದು ವಿಚಿತ್ರವೇ ಸರಿ.

ನಾಗರತ್ನಮ್ಮನವರು ಮೊದಲು ಆಯ್ಕೆಯಾದ 1957ರಲ್ಲೇ ಈಜಿಪ್ಟಿನಲ್ಲಿ ರಾವ್ಯಾ ಅತಿಯಾ ಅವರು ಅರಬ್ ಜಗತ್ತಿನ ಮೊದಲ ಸಂಸದೆಯಾಗಿ ಚುನಾಯಿತರಾದರು. ಆದರೆ ಅವರು ಎರಡೇ ವರ್ಷಗಳಲ್ಲಿ ಸ್ಥಾನ ಕಳೆದುಕೊಂಡು, ಮತ್ತೆ ಸಂಸತ್ತಿಗೆ ಬರಲು 1984ರವರೆಗೆ ಕಾಯಬೇಕಾಯಿತು. ಗುಂಡ್ಲುಪೇಟೆಯ ಮತದಾರರಾದರೋ 1978ರಲ್ಲಿ ನಾಗರತ್ನಮ್ಮನವರನ್ನು ಸೋಲಿಸಿದರೂ 1983ರಲ್ಲಿ ಮರಳಿ ಗೆಲ್ಲಿಸಿದರು, 1985 ಮತ್ತು 1989ರಲ್ಲೂ ಕೈಬಿಡಲಿಲ್ಲ. ಮೊದಲಿಗರೆನಿಸಿಕೊಳ್ಳಲು ಒಂದು ಚುನಾವಣೆ ಸಾಕು; ಸೋತ ಕ್ಷೇತ್ರದಲ್ಲೇ ಮತ್ತೆ ಬೇರೂರಿದ ಈ ಸಾಮರ್ಥ್ಯವೇ ಅವರ ನಿಜವಾದ ಸಾಧನೆ.

ಸಭಾಧ್ಯಕ್ಷತೆಯ ಅವಧಿಯ ಮೌಲ್ಯಮಾಪನ ಇಷ್ಟು ಸರಳವಲ್ಲ. ಸಭಾಧ್ಯಕ್ಷರು, ಅಂದರೆ ಸದನದ ಕಲಾಪವನ್ನು ನಡೆಸಿಕೊಡುವವರು, ಚರ್ಚೆಯಲ್ಲಿ ಪಕ್ಷ ವಹಿಸುವಂತಿಲ್ಲ, ಎರಡೂ ಕಡೆಯ ಮತಗಳು ಸಮನಾದಾಗ ಚಲಾಯಿಸುವ ನಿರ್ಣಾಯಕ ಮತದ ಹೊರತು ಮತ ಹಾಕುವಂತೆಯೂ ಇಲ್ಲ. ನಾಗರತ್ನಮ್ಮನವರು 1972ರಿಂದ 1978ರವರೆಗೆ ಆ ಪೀಠದಲ್ಲಿದ್ದಾಗಲೇ ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ ಸದನದ ಮುಂದೆ ಬಂದಿತು, 1973ರಲ್ಲಿ ರಾಜ್ಯವು ಕರ್ನಾಟಕವೆಂದು ಮರುನಾಮಕರಣಗೊಂಡಿತು. ನಾಡಿನ ಚಹರೆಯನ್ನೇ ಬದಲಿಸಿದ ಈ ತೀರ್ಮಾನಗಳಲ್ಲಿ ಅವರ ಸ್ವಂತ ದನಿ ಕೇಳಿಸದಿರುವುದಕ್ಕೆ ಪೀಠದ ನಿಯಮವೇ ಕಾರಣವೆಂಬುದು ಒಪ್ಪತಕ್ಕ ಮಾತು. ತುರ್ತುಪರಿಸ್ಥಿತಿಯ ವಿಚಾರದಲ್ಲಿ ಅದೇ ಸಮಾಧಾನ ಸಾಲದು: ವಿರೋಧಪಕ್ಷದ ನಾಯಕರಾಗಿದ್ದ ಎಚ್. ಡಿ. ದೇವೇಗೌಡರೇ ಸೆರೆಮನೆಯಲ್ಲಿದ್ದ ಕಾಲದಲ್ಲಿ ಸದನದ ಹಕ್ಕುಗಳ ಪಾಲಕರೆನಿಸಿದ ಪೀಠವು ಹೇಗೆ ನಡೆದುಕೊಂಡಿತೆಂಬ ಪ್ರಶ್ನೆಯನ್ನು ಎತ್ತದ ಯಾವುದೇ ಪ್ರಶಂಸೆ ಅರೆಬರೆಯದು. ಆ ಕಾಲದ ನಡಾವಳಿಗಳನ್ನು ಸಾಲುಸಾಲಾಗಿ ಓದಿದವರಿಗಷ್ಟೇ ಅವರನ್ನು ಹೊಗಳುವ ಇಲ್ಲವೇ ತೆಗಳುವ ಅಧಿಕಾರ ದಕ್ಕೀತು.

ಎಂಬತ್ತರ ದಶಕದಲ್ಲಿ ಅವರು ವಿಧಾನಸಭೆಯ ವಿರೋಧಪಕ್ಷದ ನಾಯಕಿಯೂ ಆದರು. ಒಂದೇ ಸದನದ ಪೀಠದಲ್ಲಿ ಮೌನವನ್ನೂ ವಿರೋಧದ ಸಾಲಿನಲ್ಲಿ ಮಾತನ್ನೂ ಪಳಗಿಸಿಕೊಂಡವರು ಪುರುಷರಲ್ಲಿಯೂ ವಿರಳ. ಹೀಗಿರುವಾಗ ಮೊದಲಿಗರೆಂಬ ಬಿರುದು ಅವರಿಗೆ ಸಲ್ಲುವ ಗೌರವವೆಂಬುದಕ್ಕಿಂತ, ಎರಡನೆಯವರನ್ನು ಆ ಪೀಠದವರೆಗೆ ಬೆಳೆಸದ ರಾಜಕೀಯ ಪಕ್ಷಗಳ ಮೇಲಿನ ಆರೋಪವಾಗಿಯೇ ಹೆಚ್ಚು ಹೊಂದುತ್ತದೆ. ನಾಗರತ್ನಮ್ಮನವರು 1993ರಲ್ಲಿ ನಿಧನರಾದರು. ಅವರ ನಂತರ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷ ಪೀಠಕ್ಕೆ ಮತ್ತೊಬ್ಬ ಮಹಿಳೆ ಆಯ್ಕೆಯಾಗಿಲ್ಲ.