ಒಳಗೆ ಭಟ್ಟರು, ಹೊರಗೆ ಮಾಣಿ

ಎರಡು ಪ್ರೊಸೆಸರಿನ ಹಳೇ ಕಂಪ್ಯೂಟರುಗಳನ್ನು ಅವುಗಳನ್ನು ಅನುಕರಿಸುವ ತಂತ್ರಾಂಶದಲ್ಲಿ, ಅಂದರೆ ಎಮ್ಯುಲೇಟರಿನಲ್ಲಿ, ಓಡಿಸಲು ಹೊರಟ ಹೊಸಬರು ಮೊದಲು ಕೇಳುವುದು ‘ಎಷ್ಟು ಫಾಸ್ಟು?’ ಎಂದು. ಆ ಪ್ರಶ್ನೆಯನ್ನು ಹೊಸ್ತಿಲಾಚೆಯೇ ಬಿಟ್ಟು ಬನ್ನಿ. ನಿಮ್ಮ ಜೇಬಿನ ಅಗ್ಗದ ಫೋನೂ ಇವುಗಳನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಇಲ್ಲಿ ಸವಿಯಬೇಕಾದ್ದು ಇಬ್ಬರು ಕೆಲಸ ಹಂಚಿಕೊಳ್ಳುವ ಬಗೆಯನ್ನು.

ಎರಡು ಚಿಪ್ ಇದ್ದ ಮಾತ್ರಕ್ಕೆ ಎರಡೂ ಒಟ್ಟಿಗೆ ದುಡಿಯುತ್ತವೆ ಅಂತಲ್ಲ. 1985ರ ಕಮೊಡೋರ್ 128ರಲ್ಲಿ ಪವರ್ ಹಾಕಿದೊಡನೆ ಮೊದಲು ಏಳುವುದು ಜೆಡ್80 ಎಂಬ ಚಿಪ್. ಚೂರುಪಾರು ತಪಾಸಣೆ ಮುಗಿಸಿ, ಅಧಿಕಾರವನ್ನು 8502 ಎಂಬ ಇನ್ನೊಂದಕ್ಕೆ ಒಪ್ಪಿಸಿ ಸುಮ್ಮನಾಗುತ್ತದೆ. ಅಲ್ಲಿ ಒಲೆ ಒಂದೇ, ಸರದಿಯಲ್ಲೇ ಅಡುಗೆ. ವೈಸ್ ಎಮ್ಯುಲೇಟರಿನಲ್ಲಿ ಒಮ್ಮೆ ನೋಡಿ, ಅಲ್ಲೇ ಠಿಕಾಣಿ ಹೂಡಬೇಡಿ.

ರುಚಿ ಹತ್ತಬೇಕಾದರೆ ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಬಿಬಿಸಿ ಮೈಕ್ರೋಗೆ ಬನ್ನಿ. 1984ರ ಸುಮಾರಿಗೆ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂದ ಯಂತ್ರ ಇದು. ಐವತ್ತು ದಾಟಿದ ಕೆಲವರಿಗೆ ಅದರ ಕೆಂಪು ಕೀಲಿಗಳು ನೆನಪಿರಬಹುದು. ಅದರ ತಳದಲ್ಲಿ ‘ಟ್ಯೂಬ್’ ಎಂಬ ಕನೆಕ್ಟರ್ ಇತ್ತು. ಪಟ್ಟಿಯಂಥ ಕೇಬಲ್ಲಿನಿಂದ ಅದಕ್ಕೆ ಇನ್ನೊಂದು ಪೆಟ್ಟಿಗೆ ಸಿಕ್ಕಿಸಿದರೆ ಎರಡನೇ ಪ್ರೊಸೆಸರ್ ಸಿದ್ಧ: 3 ಮೆಗಾಹರ್ಟ್ಸ್‌ನ 6502, ಅದಕ್ಕೇ ಮೀಸಲಾದ 64 ಕೆಬಿ ನೆನಪು.

ಉಡುಪಿ ಹೋಟೆಲನ್ನು ನೆನೆಸಿಕೊಳ್ಳಿ. ಕೀಬೋರ್ಡು, ಪರದೆ, ಡಿಸ್ಕು ಎಂಬ ಗಿರಾಕಿಗಳನ್ನೆಲ್ಲ ಸಂಭಾಳಿಸುವ ಮಾಣಿ, ಮೂಲ ಯಂತ್ರದ 2 ಮೆಗಾಹರ್ಟ್ಸ್ 6502. ಪ್ರೋಗ್ರಾಮೆಂಬ ಅಡುಗೆ ಒಳಗಿನ ಭಟ್ಟರದು. ನಡುವಿನ ಗೋಡೆಯ ಕಿಂಡಿಯೇ ಟ್ಯೂಬ್. ಪರದೆಗೆ ಹೊರಟ ಅಕ್ಷರಗಳಿಗೆ ಕಿಂಡಿಯ ಹಲಗೆ ಮೇಲೆ 24 ಬೈಟಿನಷ್ಟು ಜಾಗ. ಭಟ್ಟರು ತಟ್ಟೆ ಇಟ್ಟು ಮುಂದಿನ ದೋಸೆಗೆ ಹಿಟ್ಟು ಹುಯ್ಯಬಹುದು. ಹಲಗೆ ತುಂಬಿತೋ, ಮಾಣಿ ಎತ್ತುವವರೆಗೆ ಕೈಕಟ್ಟಿ ನಿಲ್ಲಬೇಕು.

ಈಗ ಬೀಬೆಮ್ ಅಥವಾ ಬಿ-ಎಮ್ ಎಮ್ಯುಲೇಟರ್ ತೆರೆಯಿರಿ. ಎರಡನೇ ಪ್ರೊಸೆಸರ್ ಸದ್ಯಕ್ಕೆ ಬೇಡ. ಪರದೆಯ ಬಗೆ ಆರಿಸುವ ‘ಮೋಡ್ 7’ ಆದೇಶ ಕೊಟ್ಟು, ಆಮೇಲೆ ?31744=65 ಎಂದು ಟೈಪಿಸಿ ಎಂಟರ್ ಒತ್ತಿ. ಪರದೆಯ ಎಡ ಮೇಲ್ಮೂಲೆಯಲ್ಲಿ ಇಂಗ್ಲಿಷಿನ ‘ಎ’ ಮೂಡುತ್ತದೆ, ಏಕೆಂದರೆ 31744ನೇ ವಿಳಾಸದಲ್ಲೇ ಪರದೆಯ ನೆನಪು ಶುರು, 65 ‘ಎ’ಯ ಸಂಕೇತ. ಮೆನುವಿನಲ್ಲಿ 6502 ಎರಡನೇ ಪ್ರೊಸೆಸರನ್ನು ಆರಿಸಿ ಇದನ್ನೇ ಮತ್ತೆ ಮಾಡಿ. ಏನೂ ಆಗುವುದಿಲ್ಲ! ಮೊದಲ ಸಲ ನಾನು ಎಮ್ಯುಲೇಟರೇ ಕೆಟ್ಟಿದೆ ಎಂದುಕೊಂಡು ಎರಡು ಬಾರಿ ಅಳಿಸಿ ಹಾಕಿಕೊಂಡಿದ್ದೆ. ಕೆಟ್ಟಿರಲಿಲ್ಲ. ಭಟ್ಟರು ತಮ್ಮ ಅಡುಗೆಮನೆಯ 31744ನೇ ಡಬ್ಬಿಗೆ 65 ಹಾಕಿದ್ದರು. ಪರದೆ ಇರುವುದು ಗೋಡೆಯಾಚೆ.

ಗೋಡೆಯ ಲಾಭ ಕಾಣಲು, ಪ್ರೋಗ್ರಾಮಿಗೆ ಸಿಗುವ ನೆನಪಿನ ಮೇಲಿನ ಗಡಿ ತೋರಿಸುವ ‘ಹೈಮೆಮ್’ ಬೆಲೆ ಅಚ್ಚು ಹಾಕಿಸಿ. ಒಂಟಿ ಯಂತ್ರದಲ್ಲಿ ಮೋಡ್ 7ರಲ್ಲಿ 31744 ಇದ್ದದ್ದು ಮೋಡ್ 0ಗೆ ಹೋದರೆ 12288ಕ್ಕೆ ಕುಸಿಯುತ್ತದೆ. ಚಿತ್ರವೇ 20 ಕೆಬಿ ನುಂಗಿರುತ್ತದೆ. ಜೋಡಿ ಯಂತ್ರದಲ್ಲಿ ಯಾವ ಮೋಡಿಗೆ ಹೋದರೂ 32768, ಅಲುಗುವುದಿಲ್ಲ.

ಇಷ್ಟಾದ ಮೇಲೆ ಎಲೈಟ್ ಎಂಬ ಬಾಹ್ಯಾಕಾಶದ ಹಡಗುಗಳ ಆಟ. 1984ರ ಮೂಲ ಆವೃತ್ತಿ ಮೊದಲು, ಎರಡನೇ ಪ್ರೊಸೆಸರಿನದು ಆಮೇಲೆ. ಈ ಕ್ರಮ ತಪ್ಪಿಸಬೇಡಿ. ಮೂಲದಲ್ಲಿ ಆಕಾಶ ಕಪ್ಪು-ಬಿಳುಪು, ಕೆಳಗಿನ ಫಲಕಕ್ಕೆ ಮಾತ್ರ ಬಣ್ಣ. ಎರಡನೆಯದರಲ್ಲಿ ಹಡಗುಗಳಿಗೂ ಬಣ್ಣ. ಹಡಗು ಹೊರಳಿದಾಗ ಗೆರೆಗಳ ಲೆಕ್ಕವೆಲ್ಲ ಒಳಗೆ ಆಗಿ, ಅವುಗಳ ತುದಿಗಳ ಅಂಕಿಗಳು ಮಾತ್ರ ಕಿಂಡಿ ದಾಟಿ ಬರುತ್ತವೆ. ಎಳೆಯುವವನು ಮಾಣಿ.

ಎಮ್ಯುಲೇಟರ್ ಇಬ್ಬರನ್ನೂ ಸಾಮಾನ್ಯವಾಗಿ ಒಂದೇ ಕೋರಿನಲ್ಲಿ ಓಡಿಸುತ್ತದೆ: ಇವನಿಗೆ ಎರಡು ಹೆಜ್ಜೆ, ಅವರಿಗೆ ಮೂರು, ಮತ್ತೆ ಇವನಿಗೆ. ಇಂದಿನ ಯಂತ್ರದಲ್ಲಿ ಕೋರುಗಳಿಗೇನು ಬರವಿಲ್ಲ, ಆದರೆ ಬೇರೆ ಬೇರೆ ಕೋರಿಗೆ ಹಾಕಿದರೆ ತಾಳ ಕೂಡಿಸುವ ಖರ್ಚೇ ಹೆಚ್ಚು.

ಕೊನೆಗೊಂದು ವಿಷಯ. ಏಕಾರ್ನ್‌ನ ಸೋಫಿ ವಿಲ್ಸನ್ ಆರ್ಮ್ ಪ್ರೊಸೆಸರಿನ ಆದೇಶಗಳನ್ನು ರೂಪಿಸುವಾಗ ಅದರ ಅನುಕರಣೆಯನ್ನು ಬಿಬಿಸಿ ಬೇಸಿಕ್‌ನಲ್ಲಿ ಬರೆದು ಓಡಿಸಿದ್ದು ಇಂಥದೇ ಜೋಡಿ ಯಂತ್ರದ ಮೇಲೆ. 1986ರಲ್ಲಿ ಏಕಾರ್ನ್ ಆ ಚಿಪ್ಪನ್ನು ಟ್ಯೂಬಿಗೆ ಸಿಕ್ಕಿಸುವ ಪೆಟ್ಟಿಗೆಯಾಗಿಯೇ ಹೊರತಂದಿತು. ನಿಮ್ಮ ಫೋನಿನ ಪ್ರೊಸೆಸರ್ ಅದೇ ವಂಶದ್ದು. ಬಿ-ಎಮ್ ಮೆನುವಿನಲ್ಲಿ ಆ ಪೆಟ್ಟಿಗೆಯೂ ಇದೆ, ಆರಿಸಿ ನೋಡಿ.