ಗೋಕಾಕ ವರದಿ ಮತ್ತು ಭಾಷೆಯ ಆತಂಕ

ರಾಜಕೀಯ ಜೀವನದಲ್ಲಿ ಆತಂಕವು ಯುಕ್ತಿಗೆ ಸಾಧ್ಯವಾಗದ ಕಾರ್ಯವನ್ನು ಮಾಡಬಲ್ಲುದು. ಇದಕ್ಕೆ ಗೋಕಾಕ ವರದಿಗಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು. ವಿನಾಯಕ ಕೃಷ್ಣ ಗೋಕಾಕರು ಜನಿಸಿದುದು 1909ರಲ್ಲಿ, ಸವಣೂರಿನಲ್ಲಿ. ನೆರೆಯ ಶಿಗ್ಗಾವಿ, ಹಾನಗಲ್ಲು, ಆಚೆಯ ಹಿರೇಕೆರೂರುಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ ಸವಣೂರು ನವಾಬರ ಸಂಸ್ಥಾನವಾಗಿತ್ತು. ಕನ್ನಡವೂ ಉರ್ದುವೂ ಒಂದೇ ಬೀದಿಯಲ್ಲಿ ಕೇಳಿಬರುವ ಊರು. ಇಂಗ್ಲಿಷ್ ಪ್ರಾಧ್ಯಾಪಕರೂ ಸಮನ್ವಯದ ಪ್ರತಿಪಾದಕರೂ ಆದ ಅವರ ಹೆಸರೇ ಕನ್ನಡದ ಅಳಿವಿನ ಭಯಕ್ಕೆ ಘೋಷಣೆಯಾದುದು ವಿಚಿತ್ರವೇ ಸರಿ.

ಅವರ ಸಮಿತಿ 1981ರಲ್ಲಿ ಒಪ್ಪಿಸಿದ ವರದಿಯು ಪ್ರೌಢಶಾಲೆಯಲ್ಲಿ ಕನ್ನಡವು 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಬೇಕೆಂದಿತು. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆಯ್ದು, ಕನ್ನಡವನ್ನು ಓದದೆಯೇ ಪ್ರೌಢಶಾಲೆಯನ್ನು ಮುಗಿಸಲು ಅವಕಾಶವಿದ್ದುದರಿಂದ ಆತಂಕವು ನಿರಾಧಾರವಾಗಿರಲಿಲ್ಲ. ಆದರೆ ಯುಕ್ತಿಗೆ ಕದಲದ ಸರಕಾರವು 1982ರ ಚಳವಳಿಗೆ ಕದಲಿತು. ರಾಜಕುಮಾರರ ಸಭೆಗಳಿಗೆ ನೆರೆದವರಲ್ಲಿ ವರದಿಯನ್ನು ಓದಿದವರೆಷ್ಟು ಮಂದಿ? ಓದುವ ಅಗತ್ಯವೇ ಬೀಳಲಿಲ್ಲ. ಆತಂಕವು ಗ್ರಂಥವನ್ನು ಸಂಕೇತವಾಗಿಸುತ್ತದೆ. ಅದರ ಬಲವೂ ದೋಷವೂ ಅಲ್ಲಿಯೇ ಇವೆ. ಸಂಸ್ಕೃತದ ಸ್ಥಾನದಿಂದ ಮೊದಲಾದ ಪ್ರಶ್ನೆಯು ಉರ್ದು, ಮರಾಠಿ ಮಾತೃಭಾಷಿಕರನ್ನೂ ಮುಟ್ಟಿತು. ಅವರದೂ ಅದೇ ಅಳಿವಿನ ಭಯವಾಗಿತ್ತು. ಘೋಷಣೆಯೊಳಗೆ ಅದಕ್ಕೆ ಎಡೆಯಿರಲಿಲ್ಲ. ಅದು ನ್ಯಾಯಾಲಯದ ಬಾಗಿಲನ್ನು ತಟ್ಟಿತು. 1989ರಲ್ಲಿ ಉಚ್ಚ ನ್ಯಾಯಾಲಯದ ಪೂರ್ಣಪೀಠವು ಏಕೈಕ ಪ್ರಥಮ ಭಾಷೆಯ ಕಡ್ಡಾಯವನ್ನು ತಳ್ಳಿಹಾಕಿತು.